ಶಾಲೆಯ ಬಾಗಿಲು ಮತ್ತು ವಿಕಲಚೇತನ ಮಗು: ಗ್ರಾಮ ಪಂಚಾಯತ್ ಸದಸ್ಯರು ತಿಳಿದಿರಬೇಕಾದ ಕಾನೂನು



ನಮ್ಮ ಜಿಲ್ಲೆಯಲ್ಲಿ ಶಾಲೆಗಳು ಪುನರಾರಂಭವಾಗುವ ಹೊತ್ತಿಗೇ ಮಳೆಗಾಲವೂ ಆರಂಭವಾಗುತ್ತದೆ. ಕಾರ್ಕಳ ತಾಲೂಕಿನ ಒಂದು ಒಳಗ್ರಾಮದಲ್ಲಿ ಗಾಲಿಕುರ್ಚಿ ಬಳಸುವ ಹತ್ತು ವರ್ಷದ ಬಾಲಕಿಯೊಬ್ಬಳಿದ್ದಾಳೆ ಎಂದು ಊಹಿಸಿಕೊಳ್ಳಿ. ಮನೆಗೂ ಶಾಲೆಗೂ ನಡುವೆ ಒಂದು ತೋಡು, ಅದರ ಮೇಲೆ ಅಡಿಕೆ ಮರದ ಕಾಲುಸಂಕ. ಶಾಲೆಯ ಮುಂದೆ ಪಾಚಿಗಟ್ಟಿದ ಮುರಕಲ್ಲಿನ ಮೆಟ್ಟಿಲುಗಳು. ಮುಖ್ಯೋಪಾಧ್ಯಾಯರು ಅವಳ ಹೆಸರನ್ನು ದಾಖಲಿಸಿಕೊಂಡಿದ್ದಾರೆ. ಬರಬೇಡವೆಂದು ಯಾರೂ ಹೇಳಿಲ್ಲ. ಆದರೂ ಮಳೆ ನಿಲ್ಲುವವರೆಗೆ ಅವಳು ಮನೆಯಲ್ಲಿಯೇ ಉಳಿಯುತ್ತಾಳೆ. ಇದು ತಾರತಮ್ಯವೇ? ಅವಳ ಅಗತ್ಯ ತಿಳಿದಿದ್ದೂ ಸಾಧ್ಯವಿದ್ದ ಏರ್ಪಾಡನ್ನು ಮಾಡದೆ ಬಿಟ್ಟಿದ್ದರೆ, ಕಾನೂನಿನ ದೃಷ್ಟಿಯಲ್ಲಿ ಹೌದು. ಅದು ಹೇಗೆಂಬುದನ್ನು ಈ ಪಾಠದಲ್ಲಿ ನೋಡೋಣ.

1. ತಾರತಮ್ಯ ಎಂದರೇನು?

ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಗೆ ಭಾರತವು 2007ರಲ್ಲಿ ಅನುಮೋದನೆ ನೀಡಿತು. ಅದಕ್ಕೆ ಅನುಗುಣವಾಗಿ 1995ರ ಹಳೆಯ ಅಧಿನಿಯಮದ ಬದಲಿಗೆ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ರಚಿತವಾಗಿ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ.

ಈ ಅಧಿನಿಯಮದ 2ನೇ ಪ್ರಕರಣದಲ್ಲಿ ತಾರತಮ್ಯದ ವ್ಯಾಖ್ಯೆಯಿದೆ. ಅದರ ಎರಡು ಅಂಶಗಳನ್ನು ಸದಸ್ಯರು ಮುಖ್ಯವಾಗಿ ಗಮನಿಸಬೇಕು. ಒಂದು, ಕೃತ್ಯದ ಉದ್ದೇಶ ಮಾತ್ರವಲ್ಲದೆ ಅದರ ಪರಿಣಾಮವನ್ನೂ ನೋಡಲಾಗುತ್ತದೆ. ಕೆಟ್ಟ ಮನಸ್ಸು ಇರಲಿಲ್ಲವೆಂಬ ಸಮಜಾಯಿಷಿಯಿಂದ ವಿಷಯ ಮುಗಿಯುವುದಿಲ್ಲ. ಎರಡು, ‘ಸಮಂಜಸ ಹೊಂದಾಣಿಕೆ’ಯನ್ನು ನಿರಾಕರಿಸುವುದೂ ತಾರತಮ್ಯವೇ. ಸಂಸ್ಥೆಗೆ ವಿಪರೀತ ಹೊರೆಯಾಗದಂತೆ, ಆಯಾ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಮಾಡಬಹುದಾದ ಬದಲಾವಣೆಯೇ ಸಮಂಜಸ ಹೊಂದಾಣಿಕೆ. ಮಹಡಿಯ ಮೇಲಿನ ತರಗತಿಯನ್ನು ನೆಲ ಅಂತಸ್ತಿಗೆ ತರುವುದು, ದೃಷ್ಟಿ ಮಂದವಿರುವ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ನೀಡುವುದು ಇದಕ್ಕೆ ಉದಾಹರಣೆಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಹಣದ ಅಗತ್ಯವೇ ಇಲ್ಲ.

2. ಶಾಲೆಯ ಮೇಲಿನ ಕರ್ತವ್ಯಗಳು

ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ 16ನೇ ಪ್ರಕರಣ ಅನ್ವಯಿಸುತ್ತದೆ. ಅದರಂತೆ ಸಂಸ್ಥೆಯು,

- ತಾರತಮ್ಯವಿಲ್ಲದೆ ಪ್ರವೇಶ ನೀಡಿ, ಆಟೋಟ ಮತ್ತು ಮನೋರಂಜನೆಯಲ್ಲೂ ಸಮಾನ ಅವಕಾಶ ಕೊಡಬೇಕು. ವಾರ್ಷಿಕೋತ್ಸವ, ಕ್ರೀಡಾಕೂಟಗಳಿಂದ ಮಗುವನ್ನು ಹೊರಗಿಡುವುದು ಈ ನಿಯಮಕ್ಕೆ ವಿರುದ್ಧ.
- ಕಟ್ಟಡ, ಆವರಣ ಮತ್ತು ಇತರ ಸೌಲಭ್ಯಗಳನ್ನು ಎಲ್ಲರೂ ಬಳಸಲು ಅನುಕೂಲವಾಗುವಂತೆ ಇಡಬೇಕು.
- ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಸೂಕ್ತ ಬೋಧನಾ ಕ್ರಮ ಕೈಗೊಳ್ಳಬೇಕು.
- ವಿಕಲಚೇತನ ಮಕ್ಕಳಿಗೆ, ಹೆಚ್ಚಿನ ನೆರವು ಬೇಕಾದ ಮಗುವಿದ್ದರೆ ಅದರ ಸಹಾಯಕರಿಗೂ, ಸಾರಿಗೆ ವ್ಯವಸ್ಥೆ ಕಲ್ಪಿಸಬೇಕು.

17ನೇ ಪ್ರಕರಣದಂತೆ ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಯಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಯಂತಹ ಮಾರ್ಪಾಡುಗಳಿಗೂ ಇದೇ ಪ್ರಕರಣದಲ್ಲಿ ಅವಕಾಶವಿದೆ. ವಯಸ್ಕರ ಶಿಕ್ಷಣ ಕಾರ್ಯಕ್ರಮಗಳಲ್ಲಿ ವಿಕಲಚೇತನರ ಸಮಾನ ಭಾಗವಹಿಸುವಿಕೆಯನ್ನು 18ನೇ ಪ್ರಕರಣ ಖಾತರಿಪಡಿಸುತ್ತದೆ.

ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾವು ಆಯ್ದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು 31ನೇ ಪ್ರಕರಣ ನೀಡುತ್ತದೆ. ಇಲ್ಲಿ ಆಯ್ಕೆ ಮಗುವಿನದು. ಉಡುಪಿಯ ಆಶಾನಿಲಯ, ಕಾಪು ತಾಲೂಕಿನ ಪಾಂಬೂರಿನ ಮಾನಸ, ಕಾರ್ಕಳದ ವಿಜೇತ ಮುಂತಾದ ವಿಶೇಷ ಶಾಲೆಗಳು ನಮ್ಮಲ್ಲಿವೆ. ಆದರೆ ‘ಅಲ್ಲಿಗೇ ಕಳುಹಿಸಿ’ ಎಂದು ಹೇಳಿ ಊರಿನ ಶಾಲೆ ಕೈತೊಳೆದುಕೊಳ್ಳುವಂತಿಲ್ಲ. ಮನೆಯಲ್ಲಿಯೇ ಶಿಕ್ಷಣ ಪಡೆಯುವ ಅವಕಾಶವನ್ನೂ 2012ರ ತಿದ್ದುಪಡಿಯು ತೀವ್ರ ಹಾಗೂ ಬಹುವಿಧ ವೈಕಲ್ಯವುಳ್ಳ ಮಗುವಿನ ಹಕ್ಕಾಗಿಯೇ ಕೊಟ್ಟಿದೆ. ಮೆಟ್ಟಿಲು ಹತ್ತಲಾಗದ ಮಗುವನ್ನು ಮನೆಯಲ್ಲಿ ಉಳಿಸಲು ಅದನ್ನು ನೆಪವಾಗಿಸಬಾರದು.

3. ಶೇ. 40ರ ಕುರಿತ ತಪ್ಪು ತಿಳಿವಳಿಕೆ

‘ಶೇ. 40ರ ಪ್ರಮಾಣಪತ್ರ ಇಲ್ಲದಿದ್ದರೆ ಯಾವ ಅನುಕೂಲವೂ ಸಿಗದು’ ಎಂಬ ಮಾತನ್ನು ಕಚೇರಿಗಳಲ್ಲಿ ಆಗಾಗ ಕೇಳುತ್ತೇವೆ. ಮೀಸಲಾತಿ ಮತ್ತು 31ನೇ ಪ್ರಕರಣದ ಉಚಿತ ಶಿಕ್ಷಣಕ್ಕೆ ಆ ಮಿತಿಯಿದೆ. ಸಮಂಜಸ ಹೊಂದಾಣಿಕೆಗೆ ಇಲ್ಲ. ವಿಕಾಸ್ ಕುಮಾರ್ ವಿರುದ್ಧ ಕೇಂದ್ರ ಲೋಕಸೇವಾ ಆಯೋಗ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರುವರಿ 11ರಂದು ಇದನ್ನು ಸ್ಪಷ್ಟಪಡಿಸಿತು. ಬರೆಯುವಾಗ ಕೈ ಸೆಡೆತುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ, ಶೇ. 40ರಷ್ಟು ವೈಕಲ್ಯವಿಲ್ಲವೆಂಬ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸುವುದು ಸರಿಯಲ್ಲವೆಂದು ನ್ಯಾಯಾಲಯ ಹೇಳಿತು.

ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ತೀರ್ಪು ಬಂತು. ಬರವಣಿಗೆಯ ನ್ಯೂನತೆಯಿದ್ದ ವಿದ್ಯಾರ್ಥಿನಿಯೊಬ್ಬರಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಸಲ್ಲಬೇಕಿದ್ದ ಒಂದು ಗಂಟೆಯ ಹೆಚ್ಚುವರಿ ಸಮಯವನ್ನು ಪರೀಕ್ಷಾ ಕೇಂದ್ರದಲ್ಲಿ ನೀಡಿರಲಿಲ್ಲ. ಅದು ತಪ್ಪೆಂದು ನ್ಯಾಯಾಲಯ ಒಪ್ಪಿ, ಪರಿಹಾರ ಕ್ರಮವನ್ನು ಪರಿಶೀಲಿಸಲು ಪರೀಕ್ಷಾ ಸಂಸ್ಥೆಗೆ ಸೂಚಿಸಿತು; ಆದರೆ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಕಳೆದುಹೋದ ಆ ಒಂದು ಗಂಟೆ ಮರಳಿ ಬರಲಿಲ್ಲ. ಆದುದರಿಂದ ಹಕ್ಕು ಸಕಾಲದಲ್ಲಿ, ಸ್ಥಳದಲ್ಲಿಯೇ ಸಿಗುವಂತೆ ನೋಡಿಕೊಳ್ಳುವುದು ಅಗತ್ಯ. ಆ ಸ್ಥಳಕ್ಕೆ ಅತ್ಯಂತ ಸಮೀಪದಲ್ಲಿರುವ ಸರಕಾರವೆಂದರೆ ಗ್ರಾಮ ಪಂಚಾಯತ್.

4. ಪಂಚಾಯತಿನ ಹೊಣೆ

ಮಕ್ಕಳ ಶಿಕ್ಷಣ ಹಕ್ಕು ಅಧಿನಿಯಮ, 2009ರಲ್ಲಿ ‘ಸ್ಥಳೀಯ ಪ್ರಾಧಿಕಾರ’ ಎಂಬುದರ ವ್ಯಾಖ್ಯೆಯೊಳಗೆ ಪಂಚಾಯತ್ ಕೂಡ ಬರುತ್ತದೆ. ತನ್ನ ವ್ಯಾಪ್ತಿಯಲ್ಲಿರುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದೂ, ಅವಕಾಶವಂಚಿತ ವರ್ಗದ ಮಗು ತಾರತಮ್ಯಕ್ಕೊಳಗಾಗದೆ ಪ್ರಾಥಮಿಕ ಶಿಕ್ಷಣ ಪೂರೈಸುವಂತೆ ನೋಡಿಕೊಳ್ಳುವುದೂ 9ನೇ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರದ ಕರ್ತವ್ಯ. 2012ರ ತಿದ್ದುಪಡಿಯಿಂದ ವಿಕಲಚೇತನ ಮಕ್ಕಳೂ ಆ ವರ್ಗಕ್ಕೆ ಸೇರಿದ್ದಾರೆ.

ಇದನ್ನು ನೆರವೇರಿಸಲು ಸದಸ್ಯರ ಕೈಯಲ್ಲಿ ಸಾಧನಗಳಿವೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಪ್ರತಿ ಮನೆಯ ಪರಿಚಯವಿರುತ್ತದೆ. ಅವರ ಪಟ್ಟಿಯನ್ನು ಶಾಲೆಯ ಹಾಗೂ ಅಂಗನವಾಡಿಯ ಪಟ್ಟಿಗಳೊಂದಿಗೆ ತಾಳೆ ನೋಡಿದರೆ ಹೊರಗುಳಿದ ಮಗು ಯಾರೆಂದು ತಿಳಿಯುತ್ತದೆ. ಪಂಚಾಯತಿನ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ಮೀಸಲಿಡುವ ಶೇ. 5ರ ನಿಧಿಯಿದೆ. ವಿಕಲಚೇತನರ ಸಮನ್ವಯ ಗ್ರಾಮ ಸಭೆ ಹಾಗೂ ಮಕ್ಕಳ ಗ್ರಾಮ ಸಭೆಗಳಿವೆ. ಇಳಿಜಾರು ದಾರಿ ನಿರ್ಮಿಸುವಾಗ ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಲಿ, ಹಿಡಿಕಂಬಿಯೂ ಇರಲಿ. ಕಡಿದಾದ ಇಳಿಜಾರು ಗಾಲಿಕುರ್ಚಿಗೆ ಅಪಾಯಕಾರಿ. ಪಂಚಾಯತಿನ ಅಧೀನದಲ್ಲಿಯೇ ಇರುವ ಗ್ರಂಥಾಲಯ ಮತ್ತು ಅರಿವು ಕೇಂದ್ರದ ಬಾಗಿಲನ್ನು ಮೊದಲು ಪರಿಶೀಲಿಸುವುದು ಒಳಿತು.

5. ದೂರು ಸಲ್ಲಿಸುವ ಮಾರ್ಗ

ಮೊದಲು ಶಾಲೆಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಲು ಪಾಲಕರಿಗೆ ನೆರವಾಗಿ. ಮುಂದೆ ಅದೇ ಪತ್ರ ಆಧಾರವಾಗುತ್ತದೆ. ಪರಿಹಾರ ಸಿಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಹಾಗೂ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೆ ಬರೆಯಬಹುದು. ಶಿಕ್ಷಣ ಹಕ್ಕು ಅಧಿನಿಯಮದ 32ನೇ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರಕ್ಕೆ ಬಂದ ಲಿಖಿತ ದೂರು ಮೂರು ತಿಂಗಳೊಳಗೆ ಇತ್ಯರ್ಥವಾಗಬೇಕು. ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. 2016ರ ಅಧಿನಿಯಮದಡಿ ರಾಜ್ಯ ಆಯುಕ್ತರಿಗೆ ವಿಚಾರಣೆಯಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ಮಕ್ಕಳು ಮತ್ತು ವಿಕಲಚೇತನರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಲು ಅರ್ಹರು.

ಅಧಿನಿಯಮದ ಉಲ್ಲಂಘನೆಗೆ ಮೊದಲ ಸಲ ರೂ. 10,000ದವರೆಗೆ, ಅನಂತರ ರೂ. 50,000ದಿಂದ 5 ಲಕ್ಷದವರೆಗೆ ದಂಡವಿದೆ. ಸಾರ್ವಜನಿಕವಾಗಿ ವಿಕಲಚೇತನರನ್ನು ಉದ್ದೇಶಪೂರ್ವಕ ಅವಮಾನಿಸಿದರೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಸೆರೆವಾಸವೂ ಆಗಬಹುದು.

6. ಚರ್ಚೆಗೆ

ಆರಂಭದಲ್ಲಿ ಊಹಿಸಿದ ಬಾಲಕಿಯ ವಿಷಯಕ್ಕೆ ಮರಳೋಣ. ಕಾಲುಸಂಕದ ಜಾಗದಲ್ಲಿ ಕಿರುಸೇತುವೆಯನ್ನು ಕ್ರಿಯಾಯೋಜನೆಗೆ ಸೇರಿಸಬಹುದು. ಅದು ಆಗುವವರೆಗೆ ಸುತ್ತುದಾರಿಯಲ್ಲಿ ವಾಹನದ ಏರ್ಪಾಡು ಮಾಡಬಹುದು. ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿ ಕಟ್ಟಿಸಬಹುದು. ಇವೆಲ್ಲವೂ ಮಳೆಗೆ ಮುನ್ನ ನಿರ್ಧಾರವಾಗಬೇಕಾದ ಕೆಲಸಗಳು.

1. ನಿಮ್ಮ ವಾರ್ಡಿನಲ್ಲಿ ಶಾಲೆಯ ದಾಖಲೆಯಲ್ಲಿ ಹೆಸರಿದ್ದೂ ತರಗತಿಗೆ ಬಾರದ ವಿಕಲಚೇತನ ಮಕ್ಕಳು ಎಷ್ಟು? ಕಾರಣವೇನು?
2. ಕಳೆದ ವರ್ಷ ಶೇ. 5ರ ನಿಧಿಯಲ್ಲಿ ಶಿಕ್ಷಣಕ್ಕಾಗಿ ವೆಚ್ಚವಾದುದೆಷ್ಟು?
3. ನಿಮ್ಮ ಶಾಲೆ, ಅಂಗನವಾಡಿ, ಅರಿವು ಕೇಂದ್ರಗಳಿಗೆ ಗಾಲಿಕುರ್ಚಿಯಲ್ಲಿ ಬಂದ ವ್ಯಕ್ತಿ ಇತರರ ನೆರವಿಲ್ಲದೆ ಒಳಹೋಗಬಲ್ಲರೇ? ಶೌಚಾಲಯ ಬಳಸಬಲ್ಲರೇ?

ಈ ಪಾಠವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ, ಮೊದಲ ಪ್ರಶ್ನೆಯ ಉತ್ತರವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಬೇಕಾಗಿ ಕೋರಿದೆ.