ಗೇಟು ಮುರಿದಾಗ ಪ್ರಾರ್ಥಿಸಿದೆವು, ಹೂಳಿಗಾಗಿ?

ಈ ದಿನದ ಧ್ಯಾನಕ್ಕಾಗಿ ಯೆಹೆಜ್ಕೇಲ 34:18-19 ತೆಗೆಯಿರಿ. ಕರ್ತನು ಇಲ್ಲಿ ತೋಳಗಳನ್ನಲ್ಲ, ತನ್ನ ಕುರಿಗಳನ್ನೇ ಗದರಿಸ್ತಾನೆ. ಕೊಬ್ಬಿದ ಕುರಿಗಳು ತಿಳಿನೀರು ಕುಡಿದು, ಉಳಿದದ್ದನ್ನು ತುಳಿದು ಕದಡಿದವು. ಹಿಂದೆ ಬಂದ ಕುರಿಗಳಿಗೆ ಕೆಸರೇ ಗತಿಯಾಯ್ತು.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ? ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಭತ್ತ ನಾಟಿ ಮಾಡಿದ್ದ ಸಿರುಗುಪ್ಪ, ಕುರುಗೋಡಿನ ರೈತರು ನಡುಗಿಹೋದ್ರು. ನಾವೂ ಮೊಣಕಾಲೂರಿದೆವು. ಒಂದು ವಾರದಲ್ಲಿ, ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿದರು. ದೇವರಿಗೆ ಸ್ತೋತ್ರ!

ಆದರೆ ಕೇಳಿ. ಡ್ಯಾಮು ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡೀತಿತ್ತು. ಈಗ ಹಿಡಿಯೋದು ಸುಮಾರು 105. ಉಳಿದ 28 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಹೊಲದ ಮೇಲ್ಮಣ್ಣು, ಮರ ಕಡಿದ ಗುಡ್ಡದ ಮಣ್ಣು, ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪವಾಗಿ ಬಂದು ಸೇರಿದೆ. ಪಾಪವೂ ಹೃದಯದಲ್ಲಿ ಹೀಗೇ ಸದ್ದಿಲ್ಲದೆ ಕೂರುತ್ತೆ. ಈ ಹೂಳಿಗಾಗಿ ನಾವು ಒಂದು ದಿನ ಉಪವಾಸ ಪ್ರಾರ್ಥನೆ ಮಾಡಿದ್ದೀವಾ? ನಾನೂ ಮಾಡಿಲ್ಲ.

ಒಬ್ಬ ತಮ್ಮ ಕೇಳಿದ: “ಪಾಸ್ಟ್ರೇ, ಕರ್ತನು ಬೇಗ ಬರ್ತಾನಲ್ಲ, ಈ ಲೋಕ ಹೇಗೂ ಗತಿಸಿಹೋಗುತ್ತೆ. ನಮಗ್ಯಾಕೆ?” ಆದಿಕಾಂಡ 2:15 ನೋಡಿ. ತೋಟವನ್ನು ವ್ಯವಸಾಯ ಮಾಡು, ಕಾಯಿ ಅನ್ನೋ ಕೆಲಸ ಪಾಪ ಬರೋ ಮುಂಚೆಯೇ ಕೊಟ್ಟದ್ದು. ಅದು ಶಾಪವಲ್ಲ, ಸೇವೆ. ಲೂಕ 12:43ರಲ್ಲಿ, ಯಜಮಾನ ಬಂದಾಗ ಕೊಟ್ಟ ಕೆಲಸ ಮಾಡ್ತಾ ಇರೋ ಮನೆವಾರ್ತೆಯವನೇ ಧನ್ಯನು. ಬರ್ತಾನೆ ಅಂತಲೇ ಮನೆ ಕಾಯಬೇಕು.

ಬಳ್ಳಾರಿಯ ನಮ್ಮ ನಲ್ಲಿಗೆ ಅಲ್ಲೀಪುರ ಕೆರೆಯಿಂದ ಬರೋದೂ ಇದೇ ತುಂಗಭದ್ರೆಯ ನೀರು. ಮೊದಲು ಕುಡಿಯೋ ಕುರಿಗಳು ನಾವೇ. ಟ್ಯಾಂಕ್ ತುಂಬಿ ಚರಂಡಿಗೆ ಹರಿಯುವಾಗ, ಕಾಲುವೆಯ ಕೊನೇ ಭಾಗದ ರೈತ ಗದ್ದೆ ಬದುವಿನ ಮೇಲೆ ರಾತ್ರಿಯೆಲ್ಲ ನೀರು ಕಾಯ್ತಾ ಇರ್ತಾನೆ. ನಲ್ಲಿ ನಿಲ್ಲಿಸಿದ್ರೆ ಡ್ಯಾಮು ತುಂಬಲ್ಲ, ನಿಜ. ಆದರೆ ಕದಡೋ ಕಾಲು ನಮ್ಮದಾಗಬಾರದು.

ಊರಲ್ಲಿ ಗದ್ದೆ ಇರುವವರೇ, ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಹಾಕಬೇಡಿ ಅಂತ ಫೋನಲ್ಲಿ ಅಪ್ಪನಿಗೆ ಉಪದೇಶ ಮಾಡಬೇಡಿ. ಕೂಲಿ ಖರ್ಚು ಅವರಿಗೇ ಗೊತ್ತು. ರಜೆ ಹಾಕಿ ಹೋಗಿ, ಜೊತೆಗೆ ನಿಂತು ಹುಲ್ಲು ಬಣವೆ ಒಟ್ಟಿ, ದನ ಇರೋರಿಗೆ ಕೊಡಿ. ಅದೂ ಆರಾಧನೆಯೇ.

ಪ್ರಾರ್ಥಿಸೋಣ. ಕರ್ತನೇ, ನಾವು ಕದಡಿದ ನೀರಿಗಾಗಿ ಕ್ಷಮಿಸು. ನಮ್ಮ ಹಿಂದೆ ಬರುವವರಿಗೆ ತಿಳಿನೀರು ಉಳಿಸುವ ಕೃಪೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.