ಮೊದಲು ಇನಿಷಿಯಲ್ ಬಿಡಿಸಿ, ಆಮೇಲೆ ವೀಸಾ

ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ. ಆ 'ಎಂ' ಅಂದ್ರೆ ಮೋಕ್ಷಗುಂಡಂ, ಅವರ ಪೂರ್ವಜರ ಊರು. ಶಿಡ್ಲಘಟ್ಟ, ಚಿಂತಾಮಣಿ ಕಡೆ ನಮ್ಮ ಹೆಸರುಗಳೂ ಹೀಗೇ. ಊರು, ಅಪ್ಪನ ಹೆಸರು ಒಂದೊಂದು ಅಕ್ಷರವಾಗಿ ಕೂತಿರುತ್ತೆ. ಸರ್‌ನೇಮ್ ಅನ್ನೋದು ಎಷ್ಟೋ ಮನೆಗಳಲ್ಲಿ ಇಲ್ಲ. ಎಂಎಸ್‌ಗೆ ಹೊರಟವರಿಗೆ ತೊಡಕು ಶುರುವಾಗೋದು ಇಲ್ಲೇ.

ಗೌರಿಬಿದನೂರಿನ ಮಂಜುನಾಥ ಜಿ. ಎನ್. ಅಂತ ಒಬ್ಬರಿದ್ದಾರೆ ಅಂದ್ಕೊಳ್ಳಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟು ಬರೀ 'ಮಂಜುನಾಥ' ಅಂತಿದ್ದರೂ ಪಾಸ್‌ಪೋರ್ಟ್ ಬರುತ್ತೆ. ಆದರೆ ಅಮೆರಿಕ ವೀಸಾದ ಡಿಎಸ್-160 ಫಾರಂನಲ್ಲಿ ಆ ಒಂದೇ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತೆ. ಗಿವನ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' ಅಂತ ತುಂಬಬೇಕು. ಅಂದರೆ, ಮೊದಲ ಹೆಸರು ಗೊತ್ತಿಲ್ಲ! ಯುಎಇ ಅಂತೂ 2022ರ ನವೆಂಬರ್‌ನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಅಂತ ಸಡಿಲಿಸಿತು.

ಹಾಗಾಗಿ ಗೆಳೆಯರೇ, ಹೀಗೆ ಮಾಡಿ:

1. ಗಿವನ್ ನೇಮ್ 'ಮಂಜುನಾಥ', ಸರ್‌ನೇಮ್ 'ಗೌರಿಬಿದನೂರು ನಾರಾಯಣಪ್ಪ' ಅನ್ನೋ ಹಾಗೆ ಎರಡೂ ಜಾಗ ತುಂಬಿ.

2. ಪಾಸ್‌ಪೋರ್ಟ್ ಈಗಾಗಲೇ ಬಂದು ಸರ್‌ನೇಮ್ ಖಾಲಿ ಇದ್ದರೆ, ಯೂನಿವರ್ಸಿಟಿಗೆ ಅಪ್ಲೈ ಮಾಡೋ ಮೊದಲೇ ರೀ-ಇಶ್ಯೂ ಮಾಡಿಸಿ.

3. ಐ-20, ಡಿಎಸ್-160 ಎರಡರಲ್ಲೂ ಪಾಸ್‌ಪೋರ್ಟಿನಲ್ಲಿರೋ ಹೆಸರೇ ಇರಲಿ, ಒಂದಕ್ಷರವೂ ಆಚೀಚೆ ಆಗದಂತೆ.

ಹೋದ ಮೇಲೆ ಅಲ್ಲಿನ ಭಾರತೀಯ ಕಾನ್ಸುಲೇಟ್ ಮೂಲಕವೂ ರೀ-ಇಶ್ಯೂ ಆಗುತ್ತೆ, ನಿಜ. ಆದರೆ ಆಮೇಲೆ ಯೂನಿವರ್ಸಿಟಿ, ಬ್ಯಾಂಕ್, ಡ್ರೈವಿಂಗ್ ಲೈಸೆನ್ಸ್ ಅಂತ ಒಂದೊಂದೇ ಬದಲಿಸುತ್ತಾ ಅಲೀಬೇಕು. ಇಲ್ಲೇ, ಮೂರನೇ ವರ್ಷದಲ್ಲೇ ಮುಗಿಸಿಬಿಡಿ.