ಅಲಂಕಾರಿಕ ಮೀನಿನ ತೊಟ್ಟಿಗೆ ಗಿಡಮೂಲಿಕೆ ಚಹಾ: ಬೆರೆಸುವ ಮುನ್ನ ನೀರಿನ ಪರೀಕ್ಷೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ)



ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ 5ನೆಯ ವಿಷಯ ಮೀನುಗಾರಿಕೆ. ಕೆರೆಯ ಮೀನು ಹರಾಜಿನೊಂದಿಗೆ ಈ ವಿಷಯ ಮುಗಿಯಿತೆಂದು ಭಾವಿಸುವವರು ಹಲವರು. ಹಿತ್ತಲಿನಲ್ಲಿ ನಾಲ್ಕಾರು ತೊಟ್ಟಿ ಕಟ್ಟಿ ಅಲಂಕಾರಿಕ ಮೀನು ಸಾಕುವುದೂ ಇದರಲ್ಲೇ ಸೇರುತ್ತದೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯು ಇಂತಹ ಘಟಕಗಳ ವೆಚ್ಚದಲ್ಲಿ ಶೇಕಡ 40ರಷ್ಟನ್ನು, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗಾದರೆ ಶೇಕಡ 60ರಷ್ಟನ್ನು ಸಹಾಯಧನವಾಗಿ ನಿಗದಿಪಡಿಸಿದೆ. ಉಳಿದ ಹಣ ಫಲಾನುಭವಿಯದು. ಸ್ವಸಹಾಯ ಸಂಘದ ಸದಸ್ಯೆಯ ಪಾಲಿಗೆ ಅದು ಹಲವೊಮ್ಮೆ ಸಂಘದಿಂದ ಪಡೆದ ಸಾಲ. ಮೊದಲ ತಂಡದ ಮರಿಗಳು ಸತ್ತರೂ ಸಾಲದ ಕಂತು ನಿಲ್ಲುವುದಿಲ್ಲ.

ಮೀನು ಸಾಕುವವರ ನಡುವೆ ಈಗ ಒಂದು ಸಲಹೆ ಚಾಲ್ತಿಯಲ್ಲಿದೆ: ತೊಟ್ಟಿಯ ನೀರಿಗೆ ಗಿಡಮೂಲಿಕೆ ಚಹಾ ಅಥವಾ ಬಾದಾಮಿ ಎಲೆಯ ಕಷಾಯ ಬೆರೆಸಿದರೆ ಮೀನಿಗೆ ರೋಗ ಬರುವುದಿಲ್ಲ, ಮರಿಗಳು ಹೆಚ್ಚುತ್ತವೆ ಎಂಬುದು. ಇದು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ನೀರು ಎಂತಹದು ಎಂಬುದರ ಮೇಲೆ ಫಲ ನಿಂತಿದೆ.

ಕಷಾಯದಲ್ಲಿ ಕೆಲಸ ಮಾಡುವ ವಸ್ತು ಟ್ಯಾನಿನ್. ಹೆಸರು ಹೊಸದಾದರೂ ವಸ್ತು ನಮಗೆ ಹಳೆಯದು. ಅಳಲೆಕಾಯಿ, ಎಳೆಯ ಅಡಿಕೆ, ಹಾಲಿಲ್ಲದ ಚಹಾ, ಇವುಗಳ ಒಗರಿಗೆಲ್ಲ ಇದೇ ಕಾರಣ. ಅಡಿಕೆ ಬೇಯಿಸಿದ ಚೊಗರಿನ ಕೆಂಪಿನಲ್ಲಿಯೂ ಇದರ ಪಾಲು ದೊಡ್ಡದು. ದಕ್ಷಿಣ ಅಮೆರಿಕದ ರಿಯೊ ನೆಗ್ರೊ, ಅಂದರೆ ಕಪ್ಪು ನದಿ, ಕಾಡಿನ ಕೊಳೆತ ಎಲೆಗಳ ಇಂತಹ ರಸದಿಂದಲೇ ಚಹಾದ ಬಣ್ಣ ತಾಳಿದೆ. ಅಲ್ಲಿಯ ನೀರಿನಲ್ಲಿ ಸುಣ್ಣದ ಅಂಶ ತೀರ ಕಡಿಮೆ, ರಸಸಾರ (ಪಿ.ಎಚ್.) 5ರ ಆಸುಪಾಸು ಅಥವಾ ಅದಕ್ಕೂ ಕೆಳಗೆ. ಅಂಗಡಿಗಳಲ್ಲಿ ಮಿನುಗುವ ಕಾರ್ಡಿನಲ್ ಟೆಟ್ರಾ ಮೀನಿನ ತವರು ಅದು. ಥಾಯ್ಲೆಂಡಿನಲ್ಲಿ ಬೆಟ್ಟಾ, ಅಂದರೆ ಫೈಟರ್ ಮೀನು ಸಾಕುವವರು ಒಣಗಿದ ಕಾಡುಬಾದಾಮಿ ಎಲೆಯನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಶಾಲೆಯ ಅಂಗಳದಲ್ಲಿ ನೆರಳಿಗೆಂದು ನೆಟ್ಟಿರುವ ಅಗಲ ಎಲೆಯ ಮರವೇ ಇದು. ನಮ್ಮ ಮತ್ತಿ, ತಾರೆ, ಅಳಲೆಗಳ ಕುಲಕ್ಕೆ ಸೇರಿದೆ.

ಆ ನದಿಯ ನೀರು ಮೊದಲೇ ಮೆದು, ಟ್ಯಾನಿನ್ ಅದಕ್ಕೆ ಆಮೇಲೆ ಸೇರಿದ್ದು. ಬಯಲುಸೀಮೆಯ ಕೊಳವೆಬಾವಿಯ ನೀರು ಹಾಗಿಲ್ಲ. ಅದರಲ್ಲಿ ಕರಗಿರುವ ಬೈಕಾರ್ಬನೇಟ್ ಅಂಶವು ಬೆರೆಸಿದ ಹುಳಿಯನ್ನು ಕೂಡಲೇ ನುಂಗಿಬಿಡುತ್ತದೆ. ಟ್ಯಾನಿನ್ ದುರ್ಬಲ ಆಮ್ಲ. ನೀರು ಕಂದಾಗುತ್ತದೆ, ರಸಸಾರ ಇದ್ದಲ್ಲಿಯೇ ಇರುತ್ತದೆ. ಬಣ್ಣ ನೋಡಿ ನೀರು ಮೆದುವಾಯಿತೆಂದು ನಂಬಿ ಟೆಟ್ರಾ ಮೀನು ತಂದು ಬಿಟ್ಟವರಿಗೆ ನಷ್ಟ ತಪ್ಪುವುದಿಲ್ಲ. ಮಳೆನೀರಿನಲ್ಲಿಯೂ ಕರಾವಳಿಯ ಮುರಕಲ್ಲಿನ ಬಾವಿಗಳ ಮೆದು ನೀರಿನಲ್ಲಿಯೂ ಅಪಾಯ ತಿರುವುಮುರುವು. ಅಲ್ಲಿ ಹುಳಿಯನ್ನು ತಡೆಯುವ ಅಂಶವೇ ಕಡಿಮೆಯಾದ್ದರಿಂದ ಹೆಚ್ಚು ಕಷಾಯ ಒಮ್ಮೆಲೇ ಸುರಿದರೆ ರಸಸಾರ ದಿಢೀರನೆ ಕುಸಿಯಬಹುದು. ರಸಸಾರದ ಒಂದು ಅಂಕ ಇಳಿಯಿತೆಂದರೆ ಆಮ್ಲೀಯತೆ ಹತ್ತು ಪಟ್ಟು ಏರಿತೆಂದು ಅರ್ಥ.

ಆದುದರಿಂದ ಮೊದಲ ಕೆಲಸ ಪರೀಕ್ಷೆ. ಇದಕ್ಕೆ ಹೊಸ ಖರ್ಚು ಬೇಕಿಲ್ಲ. ಜಲ ಜೀವನ್ ಮಿಷನ್ ಅಡಿ ಗ್ರಾಮಗಳಿಗೆ ನೀಡುವ ನೀರು ಪರೀಕ್ಷಾ ಕಿಟ್‌ನಲ್ಲಿ ರಸಸಾರ, ಗಡಸುತನ, ಕ್ಷಾರೀಯತೆ ಮೂರನ್ನೂ ನೋಡಬಹುದು. ಅದನ್ನು ಬಳಸಲು ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆಯೂ ಇದೆ. ಕುಡಿಯುವ ನೀರಿಗಾಗಿ ಈಗಾಗಲೇ ಬರೆದಿಟ್ಟ ಫಲಿತಾಂಶವಿದ್ದರೆ ಅದನ್ನೇ ನೋಡಿದರೂ ಆರಂಭಕ್ಕೆ ಸಾಕು. ಕ್ಷಾರೀಯತೆ ಲೀಟರಿಗೆ 200 ಮಿಲಿಗ್ರಾಂ ದಾಟಿದ್ದರೆ ಕಷಾಯದಿಂದ ರಸಸಾರ ಇಳಿಸುವ ಆಸೆ ಬಿಡುವುದು ಲೇಸು. 50ಕ್ಕಿಂತ ಕೆಳಗಿದ್ದರೆ ಪರಿಣಾಮ ಕಾಣುತ್ತದೆ, ಎಚ್ಚರವೂ ಅಷ್ಟೇ ಬೇಕು.

ಗಡಸು ನೀರಿನ ಊರಿಗೆ ಅಲಂಕಾರಿಕ ಮೀನು ಒಗ್ಗದೆಂದು ಇದರ ಅರ್ಥವಲ್ಲ. ಗಪ್ಪಿ, ಮಾಲಿ, ಪ್ಲಾಟಿ ಮೀನುಗಳಿಗೆ ಗಡಸು ನೀರೇ ಹಿತ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ತೊಟ್ಟಿಗಳಿಗೆ ಬಿಡುವ ಗಪ್ಪಿಯ ಬಣ್ಣದ ತಳಿಗಳಿಗೆ ಮಾರುಕಟ್ಟೆ ಇದೆ. ನಮ್ಮ ಅಭಿಪ್ರಾಯದಲ್ಲಿ, ನೀರನ್ನು ಮೀನಿಗೆ ಒಗ್ಗಿಸುವುದಕ್ಕಿಂತ ನೀರಿಗೆ ಒಗ್ಗುವ ಮೀನನ್ನು ಆರಿಸುವುದೇ ಹೊಸಬರಿಗೆ ಕ್ಷೇಮಕರ. ಮೆದು ನೀರಿನ ಮೀನೇ ಬೇಕೆಂದಾದರೆ ಚಾವಣಿಯ ಮಳೆನೀರನ್ನು, ಮೊದಲ ಮಳೆ ಬಿಟ್ಟು, ಸಂಗ್ರಹಿಸಬೇಕು. 400 ಮಿಲಿಗ್ರಾಂ ಗಡಸುತನದ ನೀರಿಗೆ ಸಮಪಾಲು ಮಳೆನೀರು ಸೇರಿದರೆ ಗಡಸುತನ ಸುಮಾರು 200ಕ್ಕೆ ಇಳಿಯುತ್ತದೆ. ಎಷ್ಟು ಚಹಾ ಸುರಿದರೂ ಈ ಕೆಲಸ ಆಗದು.

ಟ್ಯಾನಿನ್ ಬಳಸುವುದಾದರೆ ಚಹಾಕ್ಕಿಂತ ಎಲೆಯೇ ಅಗ್ಗ. ತಾನಾಗಿ ಉದುರಿ ಕಂದಾಗಿ ಒಣಗಿದ ಬಾದಾಮಿ ಎಲೆ ಆರಿಸಿ, ತೊಳೆದು, 30ರಿಂದ 40 ಲೀಟರ್ ನೀರಿಗೆ ಒಂದರಂತೆ ಬಿಡುವುದು ರೂಢಿ. ಕೀಟನಾಶಕ ಸಿಂಪಡಿಸುವ ತೋಟದ ಬದಿಯ ಎಲೆ ಬೇಡ. ಪೇಟೆಯ ಚಹಾ ಕೊಳ್ಳುವವರು ದಕ್ಷಿಣ ಆಫ್ರಿಕಾದ ರೂಯ್‌ಬಾಸ್ ಒಂದನ್ನೇ, ಪರಿಮಳವಾಗಲಿ ಸಿಹಿಯಾಗಲಿ ಸೇರಿಸದ್ದನ್ನು, ಆರಿಸಬೇಕು. ಅದರಲ್ಲಿ ಕೆಫೀನ್ ಇಲ್ಲ. ಸಾಮಾನ್ಯ ಚಹಾಪುಡಿ ಮತ್ತು ಹಸಿರು ಚಹಾದಲ್ಲಿ ಕೆಫೀನ್ ಇದೆ. ‘ಗಿಡಮೂಲಿಕೆ’ ಎಂದು ಬರೆದ ಪೊಟ್ಟಣಗಳಲ್ಲಿ ಶುಂಠಿ, ನಿಂಬೆಹುಲ್ಲು, ಸುಗಂಧ ತೈಲ ಏನೇನೋ ಬೆರೆತಿರಬಹುದು. ಕಷಾಯ ಪೂರ್ತಿ ಆರಿದ ಮೇಲೆ ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ದಿನಗಳಲ್ಲಿ ಬೆರೆಸುತ್ತ, ದಿನಕ್ಕೊಮ್ಮೆ ರಸಸಾರ ನೋಡಬೇಕು. ನೀರು ಕಂದಿನ ಬದಲು ಮಸಿಬಣ್ಣಕ್ಕೆ ತಿರುಗಿದರೆ ನೀರಿನಲ್ಲಿ ಕಬ್ಬಿಣವಿದೆಯೇ ಎಂದು ಪರೀಕ್ಷಿಸಬೇಕು. ಅಳಲೆಯ ಒಗರಿಗೆ ಕಬ್ಬಿಣ ಕೂಡಿಸಿಯೇ ಹಿಂದಿನವರು ಮಸಿ ಮಾಡುತ್ತಿದ್ದರು. ಅಡಿಕೆ ಚೊಗರನ್ನು ಮಾತ್ರ ಯಾರೂ ಪ್ರಯೋಗಿಸಬಾರದು, ಅದು ಅತಿ ಸಾಂದ್ರ.

ಬಾದಾಮಿ ಎಲೆಯ ರಸ ಕೆಲವು ರೋಗಾಣುಗಳನ್ನು ತಡೆಯುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಆದರೂ ಮೀನಿಗೆ ಹುಣ್ಣಾದಾಗ, ರೆಕ್ಕೆ ಕೊಳೆತಾಗ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳ ಸಲಹೆ ಪಡೆಯದೆ ಎಲೆ ಹಾಕುತ್ತ ಕುಳಿತರೆ ಪಕ್ಕದ ತೊಟ್ಟಿಗಳಿಗೂ ರೋಗ ಹರಡುತ್ತದೆ. ಎಲೆ ಹೆಚ್ಚಾದರೂ ಕೇಡೇ: ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗಿ ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆಯುತ್ತದೆ.

ಕುಡಿಯುವ ನೀರಿನ ವಿಚಾರ ಬೇರೆ. ಮೀನಿಗೆ ಹಿತವಾದ ಈ ಎಲೆರಸವೇ ಮುಚ್ಚಳವಿಲ್ಲದ ಓವರ್‌ಹೆಡ್ ಟ್ಯಾಂಕಿಗೆ ಬಿದ್ದ ಎಲೆಗಳಿಂದ ಇಳಿದರೆ, ಬ್ಲೀಚಿಂಗ್ ಪುಡಿಯ ಕ್ಲೋರಿನ್ ಅದರೊಡನೆ ಕೂಡಿ ವ್ಯಯವಾಗುತ್ತದೆ, ಅನಪೇಕ್ಷಿತ ಉಪವಸ್ತುಗಳೂ ಹುಟ್ಟುತ್ತವೆ. ಆಗ ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಸಿಗದೆ ಹೋಗಬಹುದು. ಟ್ಯಾಂಕಿನ ಮೇಲೆ ಮರದ ಕೊಂಬೆ ಚಾಚಿದ್ದರೆ ಮುಚ್ಚಳ ಸರಿಪಡಿಸುವಂತೆ ನೀರುಗಂಟಿಗೆ ತಿಳಿಸಬೇಕು. ಮೀನಿನ ತೊಟ್ಟಿಗೆ ನಲ್ಲಿ ನೀರು ತುಂಬುವವರು ಅದನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಬಿಟ್ಟು ಬಳಸಬೇಕು. ಬದಲಿಸಿ ತೆಗೆದ ಹಳೆಯ ನೀರು ಕೈತೋಟಕ್ಕೆ ಹೋಗಲಿ. ಅದರೊಡನೆ ಒಂದು ಮರಿಯೂ ಊರ ಕೆರೆಗೆ ಸೇರದಂತೆ ಜಾಲರಿ ಹಿಡಿದೇ ಸುರಿಯುವಂತೆ ಫಲಾನುಭವಿಗಳಿಗೆ ತಿಳಿಸತಕ್ಕದ್ದು.